ದೂರದ ಕಂಪ್ಯೂಟರಿಗೆ ದಾಟುವ ಪದ

ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕಣ್ಣಿಗೆ ಬೀಳುವುದು ಅಕ್ಷರವಲ್ಲ, ಅಕ್ಷರದ ಚಿತ್ರ. ರೋಣದಲ್ಲಿ ಕುಳಿತು ಬೆಂಗಳೂರಿನ ಸರ್ವರ್ ತೆರೆದರೆ ಅಲ್ಲಿಂದ ಬರುವುದು ಪರದೆಯ ಬಣ್ಣದ ಚುಕ್ಕೆಗಳು. ಇಲ್ಲಿಂದ ಹೋಗುವುದು ಯಾವ ಕೀಲಿ ಒತ್ತಲಾಯಿತು, ಮೌಸ್ ಎಲ್ಲಿಗೆ ಸರಿಯಿತು ಎಂಬ ಸುದ್ದಿ ಮಾತ್ರ. ಹಾಗಿದ್ದೂ ಅಲ್ಲಿ ಕಾಪಿ ಮಾಡಿದ ಸಾಲು ಇಲ್ಲಿಯ ಕಡತದಲ್ಲಿ ಪೇಸ್ಟ್ ಆಗುತ್ತದೆ. ಚಿತ್ರ ಹರಿಯುವ ದೊಡ್ಡ ಕಾಲುವೆಯ ಪಕ್ಕದಲ್ಲಿ ಪಠ್ಯಕ್ಕೆಂದೇ ತೋಡಿದ ಒಂದು ಹೊಲಗಾಲುವೆ ಇರುವುದರಿಂದ ಇದು ಸಾಧ್ಯ.

ಕಾಪಿ-ಪೇಸ್ಟ್ 1970ರ ದಶಕದ ಸೃಷ್ಟಿ. ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಅದನ್ನು ಜಿಪ್ಸಿ ಎಂಬ ಬರವಣಿಗೆ ತಂತ್ರಾಂಶದಲ್ಲಿ ರೂಪಿಸಿದರು. ಕಾಪಿ ಮಾಡಿದ್ದು ತಂಗುವ ಜಾಗ ಕ್ಲಿಪ್‌ಬೋರ್ಡ್. ರಿಮೋಟ್ ಸಂಪರ್ಕದಲ್ಲಿ ಇಂಥ ಕ್ಲಿಪ್‌ಬೋರ್ಡ್‌ಗಳು ಎರಡು: ಮೇಜಿನ ಮೇಲಿನ ಯಂತ್ರದ್ದೊಂದು, ದೂರದ ಯಂತ್ರದ್ದೊಂದು. ಇವೆರಡೂ ಒಂದೇ ಎಂಬ ಭ್ರಮೆಯನ್ನು ಕಾಯ್ದುಕೊಳ್ಳುವುದೇ ಹೊಲಗಾಲುವೆಯ ಕೆಲಸ. 1998ರಲ್ಲಿ ವಿಂಡೋಸ್ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಆವೃತ್ತಿಯೊಂದಿಗೆ ಬಂದ ಮೈಕ್ರೋಸಾಫ್ಟ್‌ನ ಆರ್‌ಡಿಪಿ ವ್ಯವಸ್ಥೆ ಇಂದು ಬಹಳಷ್ಟು ಕಚೇರಿಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ದೂರದ ವಿಂಡೋಸ್ ಯಂತ್ರದ ಕಡೆಯಿಂದ ಈ ಕಾಲುವೆಯನ್ನು ನೋಡಿಕೊಳ್ಳುವ ಪುಟ್ಟ ತಂತ್ರಾಂಶದ ಹೆಸರು ಆರ್‌ಡಿಪಿಕ್ಲಿಪ್.

ಅದು ಕೆಲಸ ಮಾಡುವ ಬಗೆ ಸೊಗಸಾಗಿದೆ. ಕಂಟ್ರೋಲ್ ಸಿ ಒತ್ತಿದ ಕೂಡಲೇ ಪಠ್ಯ ಹೊರಡುವುದಿಲ್ಲ. ಹೊರಡುವುದು ಒಂದು ಸಣ್ಣ ಪಟ್ಟಿ: ನನ್ನಲ್ಲಿ ಒಂದು ಬರಹವಿದೆ, ಬರೀ ಅಕ್ಷರವಾಗಿ ಬೇಕಾದರೂ ಕೊಡಬಲ್ಲೆ, ಫಾಂಟ್ ಮತ್ತು ಬಣ್ಣ ಸಮೇತ ಬೇಕಾದರೂ ಕೊಡಬಲ್ಲೆ. ಆಚೆಯವರು ಪೇಸ್ಟ್ ಒತ್ತಿದಾಗ ಅಲ್ಲಿಯ ತಂತ್ರಾಂಶ ತನಗೆ ಒಗ್ಗುವ ರೂಪವನ್ನು ಕೇಳುತ್ತದೆ. ಪಠ್ಯ ಹರಿಯುವುದು ಆಗ. ನೋಟ್‌ಪ್ಯಾಡ್ ಬರೀ ಅಕ್ಷರ ಸಾಕೆನ್ನುತ್ತದೆ. ವರ್ಡ್ ಅಲಂಕಾರವನ್ನೂ ಕೇಳುತ್ತದೆ. ಹೀಗಾಗಿ ದೂರದ ಯಂತ್ರದಲ್ಲಿ ಕಾಪಿ ಮಾಡಿ, ಸಂಪರ್ಕ ಕಡಿದು, ಆಮೇಲೆ ಇಲ್ಲಿ ಪೇಸ್ಟ್ ಒತ್ತಿದರೆ ಏನೂ ಬಾರದೆ ಹೋಗಬಹುದು. ಕೊಡುತ್ತೇನೆಂದವರೇ ಆಗ ಅಲ್ಲಿಲ್ಲ.

ಕಾಲುವೆಯಲ್ಲಿ ಹರಿಯುವುದು ಅಕ್ಷರಗಳ ಆಕಾರವಲ್ಲ, ಅವುಗಳ ಸಂಖ್ಯೆ. 1991ರ ಯೂನಿಕೋಡ್‌ನ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳ ಒಂದು ಕೇರಿ ಮೀಸಲಿದೆ. ವಿಂಡೋಸ್ ಕ್ಲಿಪ್‌ಬೋರ್ಡ್‌ನಲ್ಲಿ ಆ ಕೇರಿಯ ಪ್ರತಿ ಚಿಹ್ನೆಗೂ ಎರಡು ಬೈಟ್. ನರಗುಂದ ಎಂಬ ಹೆಸರಿನಲ್ಲಿ ಕೊಂಬು ಮತ್ತು ಅನುಸ್ವಾರ ಸೇರಿ ಆರು ಚಿಹ್ನೆಗಳು, ಅಂದರೆ 12 ಬೈಟ್. ಗಜೇಂದ್ರಗಡದಲ್ಲಿ ಒತ್ತಕ್ಷರ ಮೂಡಿಸುವ ವಿರಾಮ ಚಿಹ್ನೆಯೂ ಸೇರಿ ಒಂಬತ್ತು, 18 ಬೈಟ್.

ರೋಣದ ಲೆಕ್ಕ ಮಾತ್ರ ಅಷ್ಟು ಸರಳವಲ್ಲ. ಆ ಮೂರು ಚಿಹ್ನೆಗಳ ಹೆಸರಿನಲ್ಲಿ ಓಕಾರವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು. ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಯಂತ್ರದ ಲೆಕ್ಕದಲ್ಲಿ ಬೇರೆ ಬೇರೆ. ಗಜೇಂದ್ರಗಡದ ಏಕಾರಕ್ಕೂ ಇದೇ ಪಾಡು. ನರಗುಂದಕ್ಕೆ ಈ ತೊಡಕಿಲ್ಲ. ಕ್ಲಿಪ್‌ಬೋರ್ಡ್ ಇವನ್ನು ತಿದ್ದುವುದಿಲ್ಲ, ಇದ್ದದ್ದನ್ನು ಇದ್ದಂತೆ ದಾಟಿಸುತ್ತದೆ. ತುಂಡು ರೂಪದ ರೋಣವನ್ನು ದೂರದ ಕಂಪ್ಯೂಟರಿನ ಹುಡುಕು ಪೆಟ್ಟಿಗೆಗೆ ಪೇಸ್ಟ್ ಮಾಡಿದರೆ, ಎರಡು ರೂಪಗಳನ್ನೂ ಒಂದೆಂದು ಎಣಿಸುವ ಜಾಣ್ಮೆ ಅಲ್ಲಿಯ ತಂತ್ರಾಂಶಕ್ಕೆ ಇಲ್ಲದಿದ್ದಲ್ಲಿ ಕಣ್ಣೆದುರೇ ಇರುವ ಊರು ಸಿಕ್ಕುವುದಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಹಳೆಯ ಕಡತಗಳದ್ದು. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ತಂತ್ರಾಂಶಗಳು ಕನ್ನಡವನ್ನು ಕಂಪ್ಯೂಟರಿಗೆ ತಂದ ಉಪಕಾರ ದೊಡ್ಡದು. ಆದರೆ ಯೂನಿಕೋಡ್ ಬಳಕೆಗೆ ಬರುವ ಮುನ್ನ ಅವು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ಆಕಾರಗಳನ್ನು ಕೂರಿಸಬೇಕಾಗಿತ್ತು. ನುಡಿಯ ಆ ರೂಪದಲ್ಲಿ ‘ಕನ್ನಡ’ ಎಂಬ ಪದ ಯಂತ್ರದ ಪಾಲಿಗೆ ಪಿ, ಕ್ಯೂ, ಪೌಂಡ್ ಗುರುತು, ತಲೆಯ ಮೇಲೆ ಗೀಟು ಹೊತ್ತ ಎ ಮೊದಲಾದ ಅಕ್ಷರಗಳ ಸಾಲು. ಅದಕ್ಕೆ ಕನ್ನಡದ ರೂಪ ಕೊಡುವುದು ನುಡಿಯ ಫಾಂಟ್. ನೋಟ್‌ಪ್ಯಾಡ್‌ನಂಥ ಕಡೆ ಪೇಸ್ಟ್ ಮಾಡಿದಾಗ ಫಾಂಟಿನ ಹೆಸರು ಕಳಚಿ ಬೀಳುತ್ತದೆ; ವರ್ಡ್‌ನಲ್ಲಿ ಹೆಸರು ಉಳಿದರೂ ಫಾಂಟ್ ಆ ಯಂತ್ರದಲ್ಲಿ ಇರದಿದ್ದರೆ ಉಪಯೋಗವಿಲ್ಲ. ಆಗ ಕಾಣುವ ಅಯೋಮಯಕ್ಕೆ ಕಾಲುವೆಯನ್ನು ದೂರುವುದು ತಪ್ಪು. ಮೊದಲು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡು, ಆಮೇಲೆ ದಾಟಿಸುವುದೇ ಸರಿಯಾದ ಕ್ರಮ.

ಯೂನಿಕೋಡ್ ಪಠ್ಯಕ್ಕೆ ಈ ಕಾಲುವೆ ಕೀಲಿಮಣೆಗಿಂತಲೂ ನಂಬಿಕಸ್ಥ ದಾರಿ. ದೂರದ ಯಂತ್ರದಲ್ಲಿ ಕನ್ನಡ ಕೀಲಿಮಣೆ ಇಲ್ಲದಿದ್ದರೆ ನೇರವಾಗಿ ಟೈಪ್ ಮಾಡುವುದು ಕಷ್ಟ, ಏಕೆಂದರೆ ಸಾಮಾನ್ಯವಾಗಿ ಅಲ್ಲಿಗೆ ಹೋಗುವುದು ಒತ್ತಿದ ಕೀಲಿಯ ಗುರುತಷ್ಟೇ. ಇಲ್ಲೇ ಟೈಪ್ ಮಾಡಿ ಪೇಸ್ಟ್ ಮಾಡಿದರೆ ಆ ತೊಡಕಿಲ್ಲ.

ಕಾಲುವೆ ಎರಡೂ ದಿಕ್ಕಿಗೆ ಹರಿಯುವುದರಿಂದ ಎಚ್ಚರವೂ ಬೇಕು. ಸಂಪರ್ಕ ತೆರೆದಿರುವಾಗ ಇಲ್ಲಿ ಕಾಪಿ ಮಾಡಿದ ಪಾಸ್‌ವರ್ಡ್ ಅನ್ನು ಆಚೆಯ ತಂತ್ರಾಂಶವೂ ಕೇಳಿ ಪಡೆಯಬಲ್ಲದು. ಅದಕ್ಕೇ ಗೋಪ್ಯ ದಾಖಲೆಗಳಿರುವ ಸರ್ವರ್‌ಗಳ ನಿರ್ವಾಹಕರು ಇದನ್ನು ಮುಚ್ಚಿಬಿಡುವುದುಂಟು. ಬಳಸುವವರೂ ಸಂಪರ್ಕಕ್ಕೆ ಮುನ್ನ ‘ಲೋಕಲ್ ರಿಸೋರ್ಸಸ್’ ವಿಭಾಗದ ಕ್ಲಿಪ್‌ಬೋರ್ಡ್ ಗುರುತನ್ನು ತೆಗೆದು ಮುಚ್ಚಬಹುದು. ಗುರುತು ಇದ್ದೂ ಪೇಸ್ಟ್ ಆಗದಿದ್ದರೆ, ದೂರದ ಯಂತ್ರದ ಟಾಸ್ಕ್ ಮ್ಯಾನೇಜರ್‌ನಲ್ಲಿ ಆರ್‌ಡಿಪಿಕ್ಲಿಪ್ ಅನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಬಹಳಷ್ಟು ಸಲ ಸರಿಹೋಗುತ್ತದೆ.