ಅಟ್ಟದ ಕ್ಯಾಸೆಟ್ಟು, ಅಜ್ಜನ ಕಿವಿ

ಕಳೆದ ಸೆಮಿಸ್ಟರ್ ರಜೆಗೆ ಯಲ್ಲಾಪುರದ ಮನೆಗೆ ಹೋದಾಗ ಅಟ್ಟದ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ ನಲವತ್ತಕ್ಕೂ ಹೆಚ್ಚು ಕ್ಯಾಸೆಟ್ಟುಗಳು. ಸಿರ್ಸಿ, ಸಿದ್ದಾಪುರದ ಕಡೆ ನಡೆದ ಆಟ, ತಾಳಮದ್ದಳೆಗಳಲ್ಲಿ ನಮ್ಮ ದೊಡ್ಡಪ್ಪ ಟೇಪ್ ರೆಕಾರ್ಡರ್ ಇಟ್ಟುಕೊಂಡು ರಾತ್ರಿಯಿಡೀ ಕೂತು ತುಂಬಿಸಿದವು. ಚೀಟಿಗಳೆಲ್ಲ ಗೆದ್ದಲಿನ ಪಾಲಾಗಿದ್ದವು. ಪ್ರಸಂಗ ಯಾವುದು, ಭಾಗವತರು ಯಾರು, ಒಂದೂ ಗೊತ್ತಾಗುತ್ತಿರಲಿಲ್ಲ.

ಒಂದನ್ನು ಹಾಕಿದೆ. ಪದ ಶುರುವಾಗಿ ಎರಡು ಸಾಲು ಮುಗಿಯುವಷ್ಟರಲ್ಲಿ ಜಗುಲಿಯಲ್ಲಿದ್ದ ಅಜ್ಜ, ‘ತಮಾ, ಇದು ನೆಬ್ಬೂರು ನಾರಾಯಣ ಭಾಗವತರು’ ಎಂದ. ಅಜ್ಜನಿಗೆ ಎಂಬತ್ತನಾಲ್ಕು. ಒಂದು ಕಿವಿ ಆಗಲೇ ಕೇಳಿಸುವುದಿಲ್ಲ.

ಯಕ್ಷಗಾನ ನೋಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಬರೆದಿಟ್ಟವರು ಕಡಿಮೆ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1970ರ ಹೊತ್ತಿಗೆ ಅಮೆರಿಕದ ಮಾರ್ಥಾ ಆಷ್ಟನ್ ಉಡುಪಿಗೆ ಬಂದರು. ಅವರು ದೂರ ಕೂತು ಟಿಪ್ಪಣಿ ಮಾಡಿಕೊಂಡು ಹೋದವರಲ್ಲ. ಮದ್ದಳೆಯ ಮಾಂತ್ರಿಕ ಹಿರಿಯಡಕ ಗೋಪಾಲರಾಯರ ಬಳಿ ಕಲಿತು, ಹೆಜ್ಜೆ ಹಾಕಿ, ವೇಷ ಕಟ್ಟಿದರು. ಬಡಗುತಿಟ್ಟಿನ ಬಗ್ಗೆ ಪಿಎಚ್‌ಡಿ ಮಾಡಿದರು. 1977ರಲ್ಲಿ ಬ್ರೂಸ್ ಕ್ರಿಸ್ಟಿ ಜೊತೆ ಬರೆದ ಅವರ ಇಂಗ್ಲಿಷ್ ಪುಸ್ತಕ ಪ್ರಕಟವಾಯಿತು. ಮುಂದೆ ಕೇರಳದ ಕೃಷ್ಣನಾಟ್ಟಂ ಬಗ್ಗೆಯೂ ಬರೆದರು. ರಂಗಕಲೆಯ ಅಧ್ಯಯನವೇ ಅವರ ವೃತ್ತಿಯಾಯಿತು.

ಇಂಡೊನೇಷ್ಯಾದ ಜಾವಾದಲ್ಲೂ ಹೀಗೆಯೇ. ಅಲ್ಲಿನ ತೊಗಲುಬೊಂಬೆಯಾಟ ‘ವಯಾಂಗ್’ನಲ್ಲೂ ರಾಮಾಯಣ, ಮಹಾಭಾರತದ ಕಥೆಗಳೇ. ಬೆಳಗಾಗುವವರೆಗೆ ಆಟ. ‘ದಲಾಂಗ್’ ಎಂಬ ಒಬ್ಬನೇ ಕಲಾವಿದ ಎಲ್ಲ ಬೊಂಬೆಗಳನ್ನೂ ಆಡಿಸಿ, ಎಲ್ಲರ ಮಾತನ್ನೂ ಆಡುತ್ತಾನೆ. ಆ ಆಟವನ್ನಷ್ಟೇ ಅಲ್ಲ, ಅದು ರೇಡಿಯೊ, ಕ್ಯಾಸೆಟ್ಟು, ಟಿವಿಗೆ ಬಂದಾಗ ಹೇಗೆ ಬದಲಾಯಿತು ಎಂಬುದನ್ನೂ ವರ್ಷಗಟ್ಟಲೆ ಅಭ್ಯಾಸ ಮಾಡಿದ ವಿದ್ವಾಂಸರಿದ್ದಾರೆ. ಅಂಥವರಿಗೆ ನಮ್ಮ ಅಟ್ಟದ ಪೆಟ್ಟಿಗೆ ಸಿಕ್ಕಿದ್ದರೆ ನಿಧಿ ಸಿಕ್ಕಂತೆ ಆಗುತ್ತಿತ್ತು!

‘ಅದನ್ನ ಓದಿದರೆ ಹೊಟ್ಟೆ ತುಂಬುತ್ತಾ?’ ಎಂದು ಅಪ್ಪಯ್ಯ ಕೇಳಿದ. ಕೇಳಿದ್ದು ತಪ್ಪಲ್ಲ. ಪ್ಲೇಸ್‌ಮೆಂಟ್ ಹತ್ತಿರ ಬರುತ್ತಿದೆ, ಅಡಿಕೆಗೆ ಕೊಳೆ ಬಿದ್ದ ವರ್ಷದ ಲೆಕ್ಕ ನನಗೂ ಗೊತ್ತು. ಬಿಇ ಬಿಟ್ಟು ಯಕ್ಷಗಾನ ಓದುತ್ತೇನೆ ಎನ್ನುವ ಧೈರ್ಯ ನನಗಿಲ್ಲ. ಆದರೆ ಕಲಿತ ವಿದ್ಯೆಯನ್ನು ಇದಕ್ಕೂ ಬಳಸಬಹುದಲ್ಲ ಅನ್ನಿಸಿತು.

ಹಳೆಯ ಡೆಕ್ಕಿನಿಂದ ಲ್ಯಾಪ್‌ಟಾಪಿಗೆ ವೈರ್ ಹಾಕಿದೆ. ಕ್ಯಾಸೆಟ್ಟು ಓಡುವಷ್ಟು ಹೊತ್ತೂ ಕಾಯಬೇಕು, ಅವಸರ ನಡೆಯುವುದಿಲ್ಲ. ಬೂಷ್ಟು ಹಿಡಿದ ಮೂರು ಟೇಪುಗಳು ತುಂಡಾದವು. ಎಕ್ಸೆಲ್‌ನಲ್ಲಿ ಪ್ರಸಂಗ, ಭಾಗವತರು, ಮದ್ದಳೆ, ಚಂಡೆ, ಅರ್ಥಧಾರಿಗಳು, ಊರು ಎಂದು ಕಾಲಂ ಮಾಡಿದೆ. ಅಜ್ಜ ಹೇಳಿದ, ನಾನು ತುಂಬಿಸಿದೆ. ಅಜ್ಜನಿಗೂ ಗೊತ್ತಾಗದಿದ್ದ ಕಡೆ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಈಗ ಆಟಗಳೆಲ್ಲ ಯೂಟ್ಯೂಬಿನಲ್ಲಿ ಲೈವ್ ಬರುತ್ತವೆ. ಆದರೆ ಎಷ್ಟೋ ವಿಡಿಯೊಗಳ ಕೆಳಗೆ ಮದ್ದಳೆಯವರ ಹೆಸರೇ ಇರುವುದಿಲ್ಲ. ಇನ್ನು ನಲವತ್ತು ವರ್ಷಕ್ಕೆ ಅವೂ ಚೀಟಿಯಿಲ್ಲದ ಕ್ಯಾಸೆಟ್ಟುಗಳೇ.

ರಜೆ ಮುಗಿಯುವಾಗ ಹತ್ತೊಂಬತ್ತು ಮುಗಿದಿದ್ದವು. ಬಸ್ಸು ಹತ್ತುವ ದಿನ ಅಜ್ಜ, ‘ಉಳಿದದ್ದಕ್ಕೆ ಬೇಗ ಬಾ’ ಎಂದ. ಮುಂದಿನ ರಜೆಯವರೆಗೆ ಕಾಯುವುದಿಲ್ಲ, ಈ ಶನಿವಾರವೇ ಹೋಗುತ್ತಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲೂ ಅಂಥ ಪೆಟ್ಟಿಗೆ ಇದ್ದರೆ ಕೆಳಗಿಳಿಸಿ. ದನಿ ಗುರುತಿಸುವವರು ಮನೆಯಲ್ಲಿ ಇರುವಾಗಲೇ.