ಹಳೆಯ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡು

ದೊಡ್ಡ ಕಚೇರಿಗಳು ಕೈಬಿಟ್ಟ ಹಳೆಯ ಕಂಪ್ಯೂಟರುಗಳು ಇಂದು ಪರವೂರಿನ ಎಷ್ಟೋ ಕನ್ನಡಿಗರ ಖೋಲಿಗಳನ್ನು ಸೇರಿವೆ. ಹೋಟೆಲಿನಲ್ಲಿ ದುಡಿಯುವವರೂ, ಲೇಖನಿಯನ್ನೇ ನಂಬಿದ ಗುಮಾಸ್ತರೂ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಅವನ್ನು ಕೊಂಡಿದ್ದಾರೆ. ಮಗನೋ ಮಗಳೋ ನಕ್ಷೆ ರಚಿಸುವ, ವಿಡಿಯೋ ಜೋಡಿಸುವ ವಿದ್ಯೆಗೆ ಕೈಹಚ್ಚಿದೊಡನೆ ಆ ಯಂತ್ರ ಏದುಸಿರು ಬಿಡತೊಡಗುತ್ತದೆ. ಆಗ ಮನೆಯಲ್ಲಿ ಏಳುವ ಬೇಡಿಕೆ ಒಂದೇ: "ಅಪ್ಪಾ, ಒಂದು ಗ್ರಾಫಿಕ್ಸ್ ಕಾರ್ಡು ಹಾಕಿಸೋಣ." ಬೇಡಿಕೆ ನ್ಯಾಯವಾದುದೇ. ಆದರೆ ಊರಿಗೆ ಕಳುಹಿಸಬೇಕಾದ ಹಣದಲ್ಲಿ ಉಳಿಸಿದ ರೂಪಾಯಿ ನೀರುಪಾಲಾಗಬಾರದಷ್ಟೆ.

ನಮ್ಮ ಪರಿಚಯದ ಗುಮಾಸ್ತರೊಬ್ಬರು ಎರಡು ತಿಂಗಳ ಉಳಿತಾಯವನ್ನು ಕೊಟ್ಟು ಭಾರಿ ಕಾರ್ಡೊಂದನ್ನು ತಂದರು. ಮನೆಗೆ ಬಂದು ನೋಡಿದರೆ ಕ್ಯಾಬಿನೆಟ್ಟಿನ ಮುಚ್ಚಳ ಮುಚ್ಚದು. ಕಾರ್ಡಿಗೆ ಬೇಕಾದ ವಿದ್ಯುತ್ ತಂತಿ ಯಂತ್ರದಲ್ಲಿಯೇ ಇಲ್ಲ. ಅಂಗಡಿಯವನು ಹಿಂದಕ್ಕೆ ಪಡೆಯಲೊಲ್ಲ. ಕಾರ್ಡಿನಲ್ಲಿ ದೋಷವಿರಲಿಲ್ಲ. ಕಾರ್ಡಿನ ಬಲವನ್ನು ವಿಚಾರಿಸಿದವರು ತಮ್ಮ ಯಂತ್ರದ ಬಲವನ್ನು ವಿಚಾರಿಸಿರಲಿಲ್ಲ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ.

ಮೊದಲನೆಯದಾಗಿ, ಕಾರ್ಡು ನಿಜವಾಗಿ ಬೇಕೇ ಎಂಬುದನ್ನು ಯೋಚಿಸಬೇಕು. ಲೆಕ್ಕಪತ್ರ, ಬೆರಳಚ್ಚು, ಸಿನಿಮಾ ವೀಕ್ಷಣೆ, ಇವಿಷ್ಟಕ್ಕೆ ಪ್ರೊಸೆಸರಿನೊಳಗೇ ಇರುವ ಚಿತ್ರಶಕ್ತಿ ಸಾಮಾನ್ಯವಾಗಿ ಸಾಕು. ಯಂತ್ರ ಬರಿದೇ ನಿಧಾನವಾಗಿದ್ದರೆ ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸುವುದೂ, 4 ಜಿಬಿ ರ‍್ಯಾಮನ್ನು 8 ಅಥವಾ 16ಕ್ಕೆ ಏರಿಸುವುದೂ ಹೆಚ್ಚು ಫಲಕಾರಿ. ನಕ್ಷೆ, ವಿಡಿಯೋ, ಮೂರು ಆಯಾಮದ ಚಿತ್ರ, ಆಟ, ಇವುಗಳಿಗೆ ಮಾತ್ರ ಕಾರ್ಡಿನ ಚಿಂತೆ ಉಚಿತ.

ಎರಡನೆಯದು ವಿದ್ಯುತ್ತಿನ ವಿಚಾರ. ದುರ್ಬಲ ತಂತಿಗೆ ದೊಡ್ಡ ಗ್ರೈಂಡರನ್ನು ಜೋಡಿಸಿದರೆ ಏನಾಗುವುದೆಂದು ಹೋಟೆಲಿನ ನಮ್ಮ ಸೋದರರಿಗೆ ಹೇಳಬೇಕಾಗಿಲ್ಲ. ಕಾರ್ಡು ಕೂಡುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ಒದಗಿಸುವುದು ಹೆಚ್ಚೆಂದರೆ 75 ವ್ಯಾಟ್. ಅದನ್ನು ಮೀರಿದ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ತಂತಿ ಬೇಕು. ಕಚೇರಿಯ ಚಿಕ್ಕ ಯಂತ್ರಗಳಲ್ಲಿ ಅನೇಕವು ಸುಮಾರು 240 ವ್ಯಾಟಿನವು. ಅವುಗಳಲ್ಲಿ ಅಂಥ ತಂತಿ ಇರುವುದಿಲ್ಲ. ಅವುಗಳ ಎಸ್‌ಎಂಪಿಎಸ್ ಬೇರೆ ಆಕಾರದ್ದಾಗಿರುವುದರಿಂದ ಪೇಟೆಯ ಸಾಮಾನ್ಯ ಎಸ್‌ಎಂಪಿಎಸ್ ಅಲ್ಲಿ ಕೂಡುವುದೂ ಇಲ್ಲ. ಆದುದರಿಂದ ಇಂಥ ಯಂತ್ರಕ್ಕೆ 75 ವ್ಯಾಟಿನೊಳಗಿನ ಕಾರ್ಡೇ ಕ್ಷೇಮ. ಕ್ಯಾಬಿನೆಟ್ಟು ತೆಳ್ಳಗಿದ್ದರೆ ಅರ್ಧ ಎತ್ತರದ ಕಾರ್ಡನ್ನೂ, ಅದಕ್ಕೆ ಹೊಂದುವ ಗಿಡ್ಡ ತಗಡನ್ನೂ ಕೇಳಿ ಪಡೆಯಬೇಕು. ಮಾನಿಟರನ್ನೂ ಮರೆಯಲಾಗದು. ಹಳೆಯ ಮಾನಿಟರಿನ ನೀಲಿ ವಿಜಿಎ ತಂತಿಗೆ ಈ ಕಾರ್ಡುಗಳಲ್ಲಿ ಜಾಗವಿಲ್ಲ. ಪರಿವರ್ತಕವೊಂದರ ಖರ್ಚನ್ನು ಮೊದಲೇ ಲೆಕ್ಕದಲ್ಲಿ ಹಿಡಿಯಬೇಕು.

ಇನ್ನು ಕಾರ್ಡಿನ ಆಯ್ಕೆ. 2017ರಲ್ಲಿ ಬಂದ ಜಿಟಿ 1030 ಕೇವಲ 30 ವ್ಯಾಟಿನದು. ಆದರೆ 2018ರಲ್ಲಿ ಅದೇ ಹೆಸರಿನಿಂದ ಡಿಡಿಆರ್4 ಮೆಮೊರಿಯ ಇನ್ನೊಂದು ಬಗೆ ಹೊರಬಂದಿತು. ಅದರ ಮೆಮೊರಿಯ ವೇಗ ಮೊದಲಿನ ಜಿಡಿಡಿಆರ್5 ಕಾರ್ಡಿನ ಸುಮಾರು ಮೂರರಲ್ಲಿ ಒಂದು ಪಾಲು. ಪೆಟ್ಟಿಗೆಯ ಮೇಲಿನ ಆ ಎರಡಕ್ಷರಗಳನ್ನು ಓದದೆ ಹಣ ಕೊಡಕೂಡದು. 2016ರ ಜಿಟಿಎಕ್ಸ್ 1050 ಟಿಐ ಮತ್ತು 2019ರ ಜಿಟಿಎಕ್ಸ್ 1650 ಇವೆರಡೂ 4 ಜಿಬಿಯ, 75 ವ್ಯಾಟಿನ ಕಾರ್ಡುಗಳು. 1650ರ ಕೆಲವು ಮಾದರಿಗಳು ಪ್ರತ್ಯೇಕ ತಂತಿಯನ್ನು ಬೇಡುತ್ತವೆ. 1030 ಮತ್ತು 1050 ಟಿಐ ಕಾರ್ಡುಗಳ ಪೀಳಿಗೆಗೆ 2025ರ ಅಕ್ಟೋಬರಿನ ನಂತರ ತಯಾರಕರಿಂದ ಭದ್ರತೆಯ ತಿದ್ದುಪಡಿಗಳಷ್ಟೇ ದೊರೆಯುತ್ತವೆ ಎಂಬುದನ್ನೂ ಗಮನಿಸಬೇಕು. 2022ರ ಆರ್‌ಎಕ್ಸ್ 6400 ಅಲ್ಪ ವಿದ್ಯುತ್ತಿನಲ್ಲಿ ನಡೆಯುವುದಾದರೂ ಹಳೆಯ ಸ್ಲಾಟಿನಲ್ಲಿ ಅದರ ವೇಗ ಕುಂದುತ್ತದೆ. ವಿಡಿಯೋವನ್ನು ಎನ್‌ಕೋಡ್ ಮಾಡುವ ಅಂಗವೂ ಅದರಲ್ಲಿಲ್ಲ. ಕೈಯಲ್ಲಿ ಸ್ವಲ್ಪ ಹೆಚ್ಚು ಹಣವಿದ್ದವರಿಗೆ 2024ರಲ್ಲಿ ಬಂದ 6 ಜಿಬಿಯ ಆರ್‌ಟಿಎಕ್ಸ್ 3050 ಯೋಗ್ಯವಾದುದು. ಅದರ ಬಳಕೆ 70 ವ್ಯಾಟ್.

ಸೆಕೆಂಡ್ ಹ್ಯಾಂಡ್ ಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ. ಎಚ್ಚರ ಮಾತ್ರ ಬೇಕು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ನಾಣ್ಯದ ಗಣಿಗಾರಿಕೆ ನಿಂತ ಮೇಲೆ, ಹಗಲಿರುಳು ದುಡಿದ ಕಾರ್ಡುಗಳು ರಾಶಿ ರಾಶಿಯಾಗಿ ಪೇಟೆಗೆ ಬಂದವು. ತೀರ ಹಳೆಯ ಕಾರ್ಡಿಗೆ 1050 ಟಿಐ ಎಂಬ ಹೆಸರಿನ ವೇಷ ತೊಡಿಸಿ ಮಾರುವ ಮೋಸವೂ ಉಂಟು. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವು ಆ ವೇಷವನ್ನು ಬಹುಮಟ್ಟಿಗೆ ಬಯಲಿಗೆಳೆಯುತ್ತದೆ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದಿಲ್ಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚ್ಚಿ ಸ್ಟ್ರೀಟ್, ಎಲ್ಲಿಗೇ ಹೋಗಲಿ, ಸಾಧ್ಯವಾದರೆ ನಮ್ಮ ಯಂತ್ರವನ್ನೇ ಹೊತ್ತೊಯ್ದು, ಕಾರ್ಡನ್ನು ಕೂಡಿಸಿ, ಅರ್ಧ ಗಂಟೆ ಓಡಿಸಿ ನೋಡಿ, ರಸೀದಿ ಬರೆಯಿಸಿಕೊಂಡೇ ಹಣ ಕೊಡುವುದು ಲೇಸು. ತೀರ ಹಳೆಯ ಯಂತ್ರಗಳಲ್ಲಿ ಹೊಸ ಕಾರ್ಡು ಕೆಲವೊಮ್ಮೆ ಎಚ್ಚರಗೊಳ್ಳುವುದೇ ಇಲ್ಲ. ಅದು ಅಂಗಡಿಯಲ್ಲಿಯೇ ತಿಳಿದರೆ ನಷ್ಟವಿಲ್ಲ.

ಮೇಲೆ ಹೇಳಿದ ಗುಮಾಸ್ತರು ಆ ಕಾರ್ಡನ್ನು ನಷ್ಟಕ್ಕೆ ಮಾರಿ, ಬಳಸಿದ 1650 ಒಂದನ್ನು ಈ ರೀತಿಯಲ್ಲಿಯೇ ಪರೀಕ್ಷಿಸಿ ತಂದರು. ಅವರ ಮಗಳು ಇಂದು ಅದೇ ಹಳೆಯ ಯಂತ್ರದಲ್ಲಿ ಮನೆಗಳ ನಕ್ಷೆ ರಚಿಸುತ್ತಾಳೆ. ಅಂಗಡಿಗೆ ಹೊರಡುವ ಮುನ್ನ ಕ್ಯಾಬಿನೆಟ್ಟಿನ ಮುಚ್ಚಳ ತೆಗೆದು, ಎಸ್‌ಎಂಪಿಎಸ್‌ನ ಚೀಟಿಯನ್ನು ಓದಿ, ಒಳಗಿನ ಜಾಗವನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಟ್ಟುಕೊಳ್ಳಲು ಹಿಡಿಯುವುದು ಕಾಲು ಗಂಟೆ. ಎರಡು ತಿಂಗಳ ಉಳಿತಾಯವನ್ನು ಕಾಯುವುದು ಆ ಕಾಲು ಗಂಟೆಯೇ ಎಂದು ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ.