ಮಾಳಿಗೆಯ ಮೇಲಿನ ಬಿಸಿಲು

ನಮ್ಮ ರಾಯಚೂರು ಸೀಮೆಯಲ್ಲಿ ಮಾಳಿಗೆಯೆಂದರೆ ಬೇಸಿಗೆಯ ಮಲಗುವ ಕೋಣೆ. ದೇವದುರ್ಗದ ನಮ್ಮ ಮನೆಯ ಮಣ್ಣಿನ ಮಾಳಿಗೆಯ ಮೇಲೆ ಚಾಪೆ ಹಾಸಿ, ನಕ್ಷತ್ರಗಳನ್ನು ಎಣಿಸುತ್ತ ನಿದ್ರೆಹೋದ ಬಾಲ್ಯ ನನ್ನದು. ಹಗಲೆಲ್ಲ ಆ ಮಾಳಿಗೆಯನ್ನು ಕಾಯಿಸುತ್ತಿದ್ದ ಸೂರ್ಯನಿಗೆ ಯಾರಾದರೂ ಬೆಲೆ ಕಟ್ಟಿಯಾರೆಂದು ಆಗ ಹೇಳಿದ್ದರೆ ಊರೆಲ್ಲ ನಗುತ್ತಿತ್ತು. 2025ರ ಬೇಸಿಗೆಯಲ್ಲಿ ಅಂಥದೇ ಒಂದು ಬೇಡಿಕೆ ನಮ್ಮೆದುರಿಗೆ ಬಂದಿತು.

ಮಾನ್ವಿಯಲ್ಲಿರುವ ನನ್ನ ಅಕ್ಕನ ಮಗ, ಮಕ್ಕಳ ಓದಿಗೆಂದು ರಾಯಚೂರಿನಲ್ಲಿ ಮನೆ ಕೊಳ್ಳಲು ಹೊರಟಿದ್ದ. ಅವನಿಗೆ ಒಪ್ಪಿಗೆಯಾದ ಮನೆಯ ಮೇಲೆ ಮೂರು ಕಿಲೋವ್ಯಾಟಿನ ಸೌರಫಲಕಗಳಿದ್ದವು. ಅವುಗಳಿಗೆಂದು ಮನೆಯ ಬೆಲೆಯ ಮೇಲೆ ಎರಡು ಲಕ್ಷ ರೂಪಾಯಿಯನ್ನು ಯಜಮಾನರು ಬೇರೆಯಾಗಿ ಕೇಳಿದರು.

“ಕೊಟ್ಟುಬಿಡೋಣು ಮಾಮಾ. ಬಿಸಿಲಿಗೇನು ಬರ ಐತಿ ನಮ್ಮೂರಾಗ? ಇನ್ನ ಕರೆಂಟಿನ ಚಿಂತಿ ಇಲ್ಲ” ಎಂದ ಅಳಿಯ.

“ಮೊದಲು ಮ್ಯಾಲೆ ಹತ್ತಿ ನೋಡೋಣು ನಡಿ” ಎಂದೆ. ವಿಜ್ಞಾನದ ಮಾಸ್ತರನಿಗೆ ನಿವೃತ್ತಿಯಾದ ಮೇಲೂ ಪರೀಕ್ಷೆ ಮಾಡುವ ಚಪಲ ಬಿಡುವುದಿಲ್ಲ.

ಬಿಸಿಲು ಎಂಬ ಒಂದೇ ಮಾತಿನಲ್ಲಿ ನಾವು ಬೆಳಕನ್ನೂ ಕಾವನ್ನೂ ಸೇರಿಸಿ ಹೇಳುತ್ತೇವೆ. ಫಲಕಕ್ಕೆ ಬೇಕಾದುದು ಬೆಳಕು ಮಾತ್ರ. ಕಾವು ಅದಕ್ಕೆ ಆಗದು. ಅದರ ಬೆನ್ನಿನ ಮೇಲೆ ನಮೂದಿಸಿರುವ ಸಾಮರ್ಥ್ಯ 25 ಡಿಗ್ರಿ ಉಷ್ಣತೆಯಲ್ಲಿ ಅಳೆದದ್ದು. ಅಲ್ಲಿಂದ ಮೇಲೆ ಒಂದೊಂದು ಡಿಗ್ರಿಗೂ ಸಿಲಿಕಾನ್ ಫಲಕ ಸುಮಾರು ಶೇಕಡ 0.4ರಷ್ಟನ್ನು ಕಳೆದುಕೊಳ್ಳುತ್ತದೆ. ಮೇ ತಿಂಗಳ ನಡುಹಗಲಿನಲ್ಲಿ ಫಲಕ 65 ಡಿಗ್ರಿಯವರೆಗೆ ಕಾದರೆ ಆರರಲ್ಲಿ ಒಂದು ಪಾಲು ಹೋದಂತೆಯೇ. ಆದುದರಿಂದ ಫಲಕದ ಅಡಿಯಲ್ಲಿ ಗಾಳಿಯಾಡಲು ಎಡೆಯಿದೆಯೇ ಎಂದು ಬಗ್ಗಿ ನೋಡಬೇಕು. ಆಮೇಲೆ ಗಾಜಿನ ಮೇಲೆ ಬೆರಳೆಳೆದು ನೋಡಬೇಕು. ಅಕ್ಕಿ ಗಿರಣಿಯ ಬೂದಿಯೂ ರಸ್ತೆಯ ಧೂಳೂ ಕುಳಿತರೆ ಬೆಳಕು ಒಳಗಿಳಿಯುವುದಾದರೂ ಹೇಗೆ? ಇಷ್ಟೆಲ್ಲ ಕಳೆದು, ವರ್ಷದ ಸರಾಸರಿಯಲ್ಲಿ ಒಂದು ಕಿಲೋವ್ಯಾಟಿಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಎಂದು ಲೆಕ್ಕ ಹಿಡಿಯಬಹುದು. ಮಾರುವವರ ಬಾಯಿಮಾತಿಗಿಂತ ಹನ್ನೆರಡು ತಿಂಗಳ ಬಿಲ್ಲುಗಳನ್ನು ಕೇಳಿ ಪಡೆಯುವುದು ಲೇಸು.

ನಾವು ಮೇಲಿರುವಾಗಲೇ ಕರೆಂಟು ಹೋಯಿತು. ಕೆಳಗಿಳಿದು ಬಂದರೆ ಯಜಮಾನರ ಮನೆಯವರು ಬೀಸಣಿಗೆ ಹಿಡಿದು ಕುಳಿತಿದ್ದರು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ನಿಂತ ಫ್ಯಾನು. ಅಳಿಯನ ಮುಖ ನೋಡುವಂತಿತ್ತು.

ಇದು ಯಂತ್ರದ ದೋಷವಲ್ಲ. ಬ್ಯಾಟರಿಯಿಲ್ಲದೆ ಸರಕಾರಿ ತಂತಿಗೆ ಜೋಡಿಸಿದ ಸೌರವ್ಯವಸ್ಥೆ, ಆ ತಂತಿಯಲ್ಲಿ ವಿದ್ಯುತ್ತು ನಿಂತೊಡನೆ ತಾನೂ ನಿಲ್ಲುವಂತೆ ರಚಿತವಾಗಿರುತ್ತದೆ. ಇಲ್ಲವಾದರೆ ಲೈನು ಸತ್ತಿದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ನನ ಕೈಗೆ ನಮ್ಮ ಮಾಳಿಗೆಯ ಸೂರ್ಯ ತಗಲಿಯಾನು. ಒಬ್ಬನ ಪ್ರಾಣಕ್ಕಾಗಿ ನಾವು ಅರ್ಧ ತಾಸು ಬೆವರುವುದು ದೊಡ್ಡ ಮಾತಲ್ಲ. ಆದರೆ ಕೊಳ್ಳುವ ಮೊದಲೇ ಇದು ತಿಳಿದಿರಬೇಕು.

ಹಾಗಾದರೆ ಹಣ ಕೊಟ್ಟು ಕೊಳ್ಳುವುದೇನನ್ನು? ಗಾಜನ್ನೂ ಕಬ್ಬಿಣವನ್ನೂ ಅಷ್ಟೇ ಅಲ್ಲ, ಒಂದು ಕೊಡುಕೊಳ್ಳುವಿಕೆಯ ಸಂಬಂಧವನ್ನು. ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಸಿ ವಿದ್ಯುತ್ತನ್ನು ತೆಗೆಯುತ್ತಿದ್ದಾರೆ. ಅಂಥ ಸ್ಥಾವರಗಳು ತುಂಬುವ ತಂತಿಜಾಲಕ್ಕೇ ಹಗಲು ನಮ್ಮ ಮಿಗತೆಯ ಯೂನಿಟ್ಟುಗಳೂ ಹೋಗಿ ಸೇರುತ್ತವೆ. ರಾತ್ರಿ ನಾವು ಅಲ್ಲಿಂದ ತೆಗೆದುಕೊಳ್ಳುತ್ತೇವೆ. ಹೋದದ್ದನ್ನೂ ಬಂದದ್ದನ್ನೂ ಬರೆದಿಡುವ ಕಾರಕೂನನೇ ನೆಟ್ ಮೀಟರು. ಅದರ ಒಪ್ಪಂದ ಜೆಸ್ಕಾಂ ಸಂಸ್ಥೆಗೂ ಮಾರುವವರಿಗೂ ನಡುವೆ ಆದದ್ದು. ಮನೆ ನಮ್ಮ ಹೆಸರಿಗೆ ಬಂದ ಮಾತ್ರಕ್ಕೆ ಆ ಒಪ್ಪಂದ ತಾನಾಗಿ ಹಿಂಬಾಲಿಸಿ ಬರುವುದೆಂದು ತಿಳಿಯಬಾರದು. ಆರ್.ಆರ್. ನಂಬರಿನ ಹೆಸರು ಬದಲಾಗಬೇಕು. ಒಪ್ಪಂದವೂ ಹೊಸ ಹೆಸರಿಗೆ ಆಗಬೇಕು.

ಕಾನೂನಿನಲ್ಲಿ ಒಂದು ಸೊಗಸಾದ ಮಾತಿದೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ ಎಂಟನೆಯ ಕಲಮು, ಮನೆಯನ್ನು ಮಾರಿದಾಗ ಅದರ ಜೊತೆಗೆ ಹೋಗುವ ವಸ್ತುಗಳಲ್ಲಿ ಬೀಗ, ಬೀಗದ ಕೈ, ಬಾಗಿಲು, ಕಿಟಕಿಗಳನ್ನು ಹೆಸರಿಸಿ, ಮನೆಯ ಶಾಶ್ವತ ಉಪಯೋಗಕ್ಕೆಂದು ಒದಗಿಸಿದ ಉಳಿದವುಗಳನ್ನೂ ಸೇರಿಸುತ್ತದೆ. ಬೇರೆ ಉದ್ದೇಶ ವ್ಯಕ್ತವಾಗಿರಬಾರದು, ಅಷ್ಟೆ. ಬರೆದವರಿಗೆ ಸೌರಫಲಕದ ಕನಸೂ ಇದ್ದಿರಲಾರದು. ಆದರೂ ವಾದಕ್ಕೆ ಎಡೆಗೊಡದೆ, ಫಲಕಗಳ ಸಂಖ್ಯೆ, ಇನ್ವರ್ಟರಿನ ಗುರುತು, ವಾರಂಟಿಯ ಕಾಗದ ಇಷ್ಟನ್ನೂ ಕ್ರಯಪತ್ರದಲ್ಲೇ ಬರೆಸಬೇಕು. ಫಲಕ 25 ವರ್ಷ ಬಾಳಬಹುದು; ಇನ್ವರ್ಟರು ಅಷ್ಟು ಕಾಲ ಬಾಳುವುದಿಲ್ಲ, ನಡುವೆ ಒಮ್ಮೆಯಾದರೂ ಬದಲಿಸುವ ಖರ್ಚು ಬಂದೇ ಬರುತ್ತದೆ. ಇನ್ನು ಸಾಲ. ಫಲಕಗಳಿಗೆಂದೇ ತೆಗೆದ ಬ್ಯಾಂಕಿನ ಸಾಲ, ನಾವು ಉಪನೋಂದಣಿ ಕಚೇರಿಯಿಂದ ತರುವ ಋಣಭಾರ ಪತ್ರದಲ್ಲಿ ಕಾಣಿಸಬೇಕೆಂದೇನೂ ಇಲ್ಲ. ಅದನ್ನು ಬಾಯಿಬಿಟ್ಟೇ ಕೇಳಬೇಕು.

ನಾನು ಕೇಳಿದೆ. ಯಜಮಾನರು ಮರೆಮಾಚಲಿಲ್ಲ. 2024ರಲ್ಲಿ ಆರಂಭವಾದ ಸೂರ್ಯಘರ್ ಯೋಜನೆಯಲ್ಲಿ ಹಾಕಿಸಿದ್ದರಂತೆ. ಮೂರು ಕಿಲೋವ್ಯಾಟಿಗೆ ಕೇಂದ್ರ ಸರಕಾರದ 78,000 ರೂಪಾಯಿ ಸಹಾಯಧನವೂ ಬಂದಿತ್ತು. ಸಾಲದ ಕಂತು ಇನ್ನೂ ಉಳಿದಿದ್ದವು. ಎರಡು ಲಕ್ಷವೆಂಬುದು ಸಹಾಯಧನವನ್ನು ಕಳೆಯದ ಪೂರಾ ಬೆಲೆ.

“ನಾನು ಇಲ್ಲೇ ಕಡೀತನಕ ಇರ್ತೀನಂತ ಹಾಕ್ಸಿದ್ದೆರಿ ಮಾಸ್ತರ್ರ. ಮಗ ಹೈದರಾಬಾದಿಗೆ ಬಾ ಅಂತಾನ. ತಿಂಗಳಿಗೆ ಎರಡು ಸಲ ನಾನೇ ಕೈಯಾರೆ ತೊಳೀತಿದ್ದೆ” ಎಂದರು.

ನನಗೆ ಚೌಕಾಶಿಯ ಉತ್ಸಾಹ ಅಲ್ಲಿಗೇ ಇಳಿಯಿತು. ಸಾಲವನ್ನು ಅವರೇ ತೀರಿಸಿ ಬ್ಯಾಂಕಿನ ಬಾಕಿಯಿಲ್ಲದ ಪತ್ರ ಕೊಡುವುದು, ಒಪ್ಪಂದ ಬದಲಿಸಲು ಬಂದು ಸಹಿ ಮಾಡುವುದು, ಫಲಕಗಳಿಗೆ ಒಂದು ಲಕ್ಷ ಎಂದು ಮಾತಾಯಿತು. 200 ಯೂನಿಟ್ಟಿನ ಒಳಗೇ ಇದ್ದು, 2023ರ ಗೃಹಜ್ಯೋತಿಯಿಂದ ಬಿಲ್ಲೇ ಕಟ್ಟದ ಸಣ್ಣ ಸಂಸಾರವಾಗಿದ್ದರೆ ಅಷ್ಟನ್ನೂ ಕೊಡಬೇಡವೆನ್ನುತ್ತಿದ್ದೆ. ಅಳಿಯನದು ಏಳು ಜನರ ಮನೆ, ಎರಡು ಏರ್ ಕೂಲರು.

ಗೃಹಪ್ರವೇಶಕ್ಕೆ ಮಾನ್ವಿಯಿಂದ ಬಂದ ನಮ್ಮ ಅಕ್ಕ ಮೊದಲು ಹತ್ತಿದ್ದು ಮಾಳಿಗೆಗೆ. ಸುಮಾರು 300 ಚದರಡಿಯನ್ನು ಫಲಕಗಳು ಆಕ್ರಮಿಸಿದ್ದವು. ಅವುಗಳಿಗೂ ಪ್ಯಾರಾಪೆಟ್ ಗೋಡೆಗೂ ನಡುವಿನ ಜಾಗವನ್ನು ಗೇಣಿನಿಂದ ಅಳೆದು, “ಎರಡು ಚಾಪಿ ಹಿಡಿಸ್ತಾವ, ಸಾಕು” ಎಂದಳು.